ಅಕ್ಕನಾಗಮ್ಮನ ಬೆರಳು, ಶಂಕ್ರೆಪ್ಪನ ಉಸಿರು

ಆಸ್ಪತ್ರೆಯಿಂದ ಮನೆಗೆ ಬಂದವರನ್ನು ಮಾತನಾಡಿಸಿಕೊಂಡು ಬರುವುದು ನಮ್ಮ ಕಡೆ ಬಿಡಲಾಗದ ಪದ್ಧತಿ. ಬಂದವರು ಬಾಳೆಹಣ್ಣು ತರುತ್ತಾರೆ, ಚಹಾ ಕುಡಿಯುತ್ತಾರೆ, ತಮಗೆ ಗೊತ್ತಿರುವ ಇನ್ನೊಬ್ಬ ರೋಗಿಯ ಕಥೆ ಹೇಳಿ ಹೋಗುತ್ತಾರೆ. ನಿಡೋಣಿಯ ಶಂಕ್ರೆಪ್ಪ ವಿಜಯಪುರದ ಆಸ್ಪತ್ರೆಯಿಂದ ಬಂದಾಗಲೂ ಹಾಗೇ ಆಯಿತು. ಆದರೆ ಈ ಸಲ ಬಂದವರಿಗೆ ಚಹಾದ ಜೊತೆಗೆ ಒಂದು ಆಟದ ಸಾಮಾನೂ ಸಿಕ್ಕಿತು.

ಅದು ಬಟ್ಟೆ ಒಣಹಾಕಿದಾಗ ಸಿಕ್ಕಿಸುವ ಚಿಮಟಿಯಷ್ಟೇ ಗಾತ್ರದ ಯಂತ್ರ. ಬೆರಳಿಗೆ ಹಾಕಿದರೆ ಒಳಗೆ ಕೆಂಪು ದೀಪ ಹತ್ತುತ್ತದೆ. ಸ್ವಲ್ಪ ಹೊತ್ತಿನಲ್ಲಿ ರಕ್ತದಲ್ಲಿ ಆಮ್ಲಜನಕ ಎಷ್ಟಿದೆ, ನಾಡಿ ಎಷ್ಟು ಬಡಿಯುತ್ತಿದೆ ಎಂದು ಎರಡು ಸಂಖ್ಯೆ ತೋರಿಸುತ್ತದೆ. ಪಲ್ಸ್ ಆಕ್ಸಿಮೀಟರ್ ಎಂದು ಅದರ ಹೆಸರು. ಶಂಕ್ರೆಪ್ಪನ ಮಗಳು ಕಾವ್ಯಾ ವಿಜಯಪುರದ ಸ್ಟೇಷನ್ ರಸ್ತೆಯ ಒಂದು ವಿಮೆ ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ. ಅಲ್ಲಿಯೇ ಪಕ್ಕದ ಔಷಧದ ಅಂಗಡಿಯಲ್ಲಿ ಅದನ್ನು ಕೊಂಡು ತಂದಿದ್ದಳು.

ಶಂಕ್ರೆಪ್ಪನಿಗಿರುವುದು ಸಿಒಪಿಡಿ, ಅಂದರೆ ಶ್ವಾಸಕೋಶದ ಬಹುಕಾಲದ ಕಾಯಿಲೆ. ಬೀಡಿ ಬಿಟ್ಟು ವರ್ಷಗಳಾದವು. ಆದರೆ ಒಣದ್ರಾಕ್ಷಿ ಶೆಡ್ಡಿನ ಗಂಧಕದ ಹೊಗೆ ಬಿಟ್ಟಿರಲಿಲ್ಲ. ದ್ರಾಕ್ಷಿಗೆ ಹೊಂಬಣ್ಣ ಬರಲೆಂದು ತಟ್ಟೆಯಲ್ಲಿ ಗಂಧಕ ಉರಿಸಿ, ಸುತ್ತಲೂ ತಾಡಪತ್ರಿಯ ಪರದೆ ಇಳಿಸುತ್ತಾರೆ. ಮರುದಿನ ಬೆಳಿಗ್ಗೆ ತಾಡಪತ್ರಿ ಎತ್ತಿದವರ ಮುಖಕ್ಕೆ ಆ ಹೊಗೆ ಹೊಡೆಯುತ್ತದೆ. ಎತ್ತುವ ಕೆಲಸವನ್ನು ಶಂಕ್ರೆಪ್ಪ ಯಾರಿಗೂ ಕೊಡುತ್ತಿರಲಿಲ್ಲ.

ಮನೆಗೆ ಕಳಿಸುವಾಗ ವೈದ್ಯರು ಬಿಡಿಸಿ ಹೇಳಿದ್ದರು. ಈ ಮನುಷ್ಯನಿಗೆ ಆರಾಮವಾಗಿರುವಾಗ ಆಮ್ಲಜನಕದ ಸಂಖ್ಯೆ ತೊಂಬತ್ತೊಂದರ ಆಸುಪಾಸು ಇರುತ್ತದೆ, ಅದು ಇವರಿಗೆ ಸರಿ. ಎಂಬತ್ತೆಂಟಕ್ಕಿಂತ ಕೆಳಗೆ ಹೋದರೆ ಫೋನ್ ಮಾಡಿ. ಗಂಧಕದ ಹತ್ತಿರ ಮಾತ್ರ ಬಿಡಬೇಡಿ. ಕಾವ್ಯಾ ಅದನ್ನು ತಾಯಿ ಅಕ್ಕನಾಗಮ್ಮನಿಗೂ ಹೇಳಿ, ದಿನಾ ಮುಂಜಾನೆ ಫೋನ್ ಮಾಡಿ ಸಂಖ್ಯೆ ಕೇಳುತ್ತೇನೆಂದು ಹೇಳಿ ಹೋಗಿದ್ದಳು.

ಮಾತನಾಡಿಸಲು ಬಂದವರಲ್ಲಿ ಮೊದಲು ಬೆರಳು ಕೊಟ್ಟವನು ಸೈಫುದ್ದೀನ. ಶೆಡ್ಡಿನಲ್ಲಿ ಶಂಕ್ರೆಪ್ಪನ ಪಾಲುದಾರ, ಚಿಕ್ಕಂದಿನ ಗೆಳೆಯ.

"ತೊಂಬತ್ತೆಂಟು," ಎಂದು ಓದಿದ ಸೈಫುದ್ದೀನ. "ವೈನಿ, ನೀವು ಹಾಕ್ರಿ."

ಅಕ್ಕನಾಗಮ್ಮನಿಗೆ ತೊಂಬತ್ತೇಳು ಬಂತು. ಪಕ್ಕದ ಮನೆಯ ಗುರುಸಿದ್ದವ್ವ ಬಾಯಲ್ಲಿ ತಂಬಾಕು ಇಟ್ಟುಕೊಂಡೇ ಬೆರಳು ಚಾಚಿದಳು. ಅವಳಿಗೂ ತೊಂಬತ್ತೆಂಟು.

"ದಿನಾ ತಂಬಾಕ ತಿಂತೀನಿ ನೋಡ್ರಿ, ಆದ್ರೂ ಎದಿ ಗಟ್ಟಿ ಐತಿ," ಎಂದಳು ಗುರುಸಿದ್ದವ್ವ.

ಶಂಕ್ರೆಪ್ಪನ ಬೆರಳಿಗೆ ತೊಂಬತ್ತೊಂದು ಬಂತು.

"ಲೇ ಶಂಕ್ರೆಪ್ಪಾ, ಪ್ಯಾಟಿಗೆ ಒಯ್ದ್ರ ನಿನ್ನ ಎರಡನೇ ನಂಬರ್ ಮಾಲಿನಾಗ ಹಾಕ್ತಾರ," ಎಂದ ಸೈಫುದ್ದೀನ.

ಎಲ್ಲರೂ ನಕ್ಕರು. ಶಂಕ್ರೆಪ್ಪನೂ ನಕ್ಕ, ಮತ್ತೆ ಕೆಮ್ಮಿದ. ಮುಂದೆ ಯಾರೇ ಬರಲಿ, ಇದೇ ಆಟ ನಡೆಯಿತು. ಎಲ್ಲರಿಗಿಂತ ಕಡಿಮೆ ಬರುವುದು ಒಬ್ಬನಿಗೇ. ಕಾಯಿಲೆಗಿಂತ ಆ ಕಡಿಮೆ ಸಂಖ್ಯೆಯೇ ಅವನಿಗೆ ಅವಮಾನವಾಗತೊಡಗಿತು. ಅದೂ ಅಲ್ಲದೆ ಶೆಡ್ಡಿನಲ್ಲಿ ದ್ರಾಕ್ಷಿ ಹರವಿ ಆಗಿತ್ತು. ಗಂಧಕದ ಕೆಲಸ ಸೈಫುದ್ದೀನನ ಮೇಲೆ ಬಿಟ್ಟರೆ ಬಣ್ಣ ಕೆಡುತ್ತದೆ ಎಂಬ ಚಿಂತೆ ಬೇರೆ.

ಒಂದು ಮುಂಜಾನೆ ಕಾವ್ಯಾಳ ಫೋನ್ ಬರುವ ಹೊತ್ತಿಗೆ ಅವನು ಯಂತ್ರವನ್ನು ಹೆಂಡತಿಯ ಮುಂದೆ ಹಿಡಿದ.

"ನೀ ಹಾಕ್ಕೋ."

"ನಾ ಯಾಕ್ರಿ? ಬ್ಯಾನಿ ನಿಮಗ."

"ಹಾಕ್ಕೋ ಅಂದೆ. ಎಷ್ಟ ಬಂತು?"

"ತೊಂಬತ್ತೇಳು."

"ಅದನ್ನ ಹೇಳು ಕಾವ್ಯಾಗ."

"ಇದು ನಂದಲ್ಲೇನ್ರಿ?"

"ಒಂದ ಮನಿ, ಒಂದ ಒಲಿ ಮ್ಯಾಗಿನ ರೊಟ್ಟಿ ತಿಂತೀವಿ. ಉಸಿರು ಬ್ಯಾರೆ ಹೆಂಗ ಆಗತೈತಿ? ಆಕಿ ಅಲ್ಲಿ ಕುಂತು ಹೆದರೂದರ ತಪ್ಪತೈತಿ. ಶೆಡ್ಡಿನ್ಯಾಗಿನ ಈ ಮಾಲ ಇಳಿಯೂಮಟಾ ಅಷ್ಟ."

ಅಕ್ಕನಾಗಮ್ಮನಿಗೆ ಸರಿ ಅನ್ನಿಸಲಿಲ್ಲ. ಆದರೆ ಗಂಡ ಹಟ ಹಿಡಿದರೆ ಕೆಮ್ಮು ಏಳುತ್ತದೆ. ಕೆಮ್ಮು ಎದ್ದರೆ ನಿಲ್ಲುವುದಿಲ್ಲ. ಅವಳು ತನ್ನ ಬೆರಳಿನ ಸಂಖ್ಯೆಯನ್ನೇ ಹೇಳಿದಳು. ಮರುದಿನವೂ ಅದನ್ನೇ ಹೇಳಿದಳು. ಶಂಕ್ರೆಪ್ಪ ಶೆಡ್ಡಿಗೆ ಹೋಗತೊಡಗಿದ.

ಅತ್ತ ಕಾವ್ಯಾಳಿಗೆ ಮೊದಲು ಸಮಾಧಾನವಾಯಿತು, ಆಮೇಲೆ ಅನುಮಾನ ಬಂತು. ಅಪ್ಪನ ಸಂಖ್ಯೆ ಇಷ್ಟು ಬೇಗ, ಇಷ್ಟು ಮೇಲೆ ಏರಿದ್ದು ಹೇಗೆ?

"ಅವ್ವಾ, ಇವತ್ತೂ ತೊಂಬತ್ತೇಳ?"

"ಹೂಂ ಯವ್ವಾ. ಔಷಧ ಹತ್ತೇತಿ."

"ಅಪ್ಪಗ ಫೋನ್ ಕೊಡು."

"ಚಲೋ... ಅದೀನಿ," ಎಂದ ಶಂಕ್ರೆಪ್ಪ. "ನೀ... ಊಟ ಮಾಡು... ಆಫೀಸಿಗೆ... ಹೋಗು."

ಫೋನ್ ಇಟ್ಟ ಮೇಲೂ ಆ ದನಿ ಕಾವ್ಯಾಳ ಕಿವಿಯಲ್ಲಿ ಉಳಿಯಿತು. ಅಪ್ಪ ಫೋನ್ ಹಿಡಿದರೆ ಮಳೆ, ತೋಟ, ದರ, ಊರವರ ಜಗಳ ಎಲ್ಲವನ್ನೂ ಹೇಳಿ ಮುಗಿಸುವ ಮನುಷ್ಯ. ಈಗ ನಾಲ್ಕು ಮಾತಿಗೂ ಉಸಿರು ಸಾಲುತ್ತಿಲ್ಲ. ಸಂಖ್ಯೆ ಏರುತ್ತಿದೆ, ಮಾತು ತುಂಡಾಗುತ್ತಿದೆ. ಎರಡರಲ್ಲಿ ಒಂದು ಸುಳ್ಳು. ಮಾತು ಸುಳ್ಳಾಗಿರಲಾರದು.

ಅವಳು ತಡಮಾಡಲಿಲ್ಲ. ನಿಡೋಣಿಯಲ್ಲಿ ಸಮುದಾಯ ಆರೋಗ್ಯ ಅಧಿಕಾರಿಯಾಗಿರುವ ಗೆಳತಿ ಸಾಯಿರಾಳಿಗೆ ಫೋನ್ ಮಾಡಿದಳು.

"ಸಾಯಿರಾ, ನೀ ಒಂದ ಸಲ ಮನಿಗೆ ಹೋಗಿ ಅಪ್ಪನ್ನ ಕಣ್ಣಲೆ ನೋಡಿ ಬಾ. ನಂಬರ್ ಚಲೋ ಐತಿ ಅಂತಾರ. ನನಗ ಯಾಕೋ ನಂಬಿಕಿ ಬರವಲ್ದು."

ಸಾಯಿರಾ ಹೋದಾಗ ಅಕ್ಕನಾಗಮ್ಮ ಒಬ್ಬಳೇ ಇದ್ದಳು.

"ಕಾಕೂ, ಕಾಕಾ ಎಲ್ಲಿ?"

"ಇಲ್ಲೇ ಹೊರಗ ಹೋಗ್ಯಾರ, ಬರ್ತಾರ."

"ಮುಂಜಾನಿ ಮಷಿನ್ ಹಾಕಿ ನೋಡಿದ್ರಿ?"

"ನೋಡೇವಲ್ಲ. ತೊಂಬತ್ತೇಳು ಬಂತು."

ಸಾಯಿರಾ ಕಪಾಟಿನ ಮೇಲಿದ್ದ ಯಂತ್ರ ತೆಗೆದುಕೊಂಡಳು. "ನಿಮ್ಮ ಬೆರಳ ಕೊಡ್ರಿ ಕಾಕೂ, ನಡೀತೈತೋ ಇಲ್ಲೋ ನೋಡೂಣು."

ತೊಂಬತ್ತೇಳು ಬಂತು. ಸಾಯಿರಾ ಅಕ್ಕನಾಗಮ್ಮನ ಮುಖ ನೋಡಿದಳು. ಅಕ್ಕನಾಗಮ್ಮ ಹೊಸ್ತಿಲ ಬಳಿ ಕುಳಿತುಬಿಟ್ಟಳು.

"ನಂದ ಹೇಳೀನ್ಯವ್ವಾ ಆಕಿಗೆ. ಅವರು ಶೆಡ್ಡಿಗೆ ಹೋಗಾಕತ್ತಾರ."

"ಏಳ್ರಿ, ಮೊದಲ ಅಲ್ಲಿಗೆ ಹೋಗೂಣು. ಬೈಯೂದು ಆಮ್ಯಾಗ ಇದ್ದ ಐತಿ," ಎಂದಳು ಸಾಯಿರಾ.

ಶೆಡ್ಡಿನ ತಾಡಪತ್ರಿ ಎತ್ತಿ ಬಹಳ ಹೊತ್ತಾಗಿರಲಿಲ್ಲ. ಗಂಧಕದ ವಾಸನೆ ದೂರದಿಂದಲೇ ಮೂಗಿಗೆ ಹೊಡೆಯುತ್ತಿತ್ತು. ಶಂಕ್ರೆಪ್ಪ ಹೊರಗೆ ಒಂದು ಕ್ರೇಟಿನ ಮೇಲೆ ಕುಳಿತಿದ್ದ. ಎರಡೂ ಕೈ ಮೊಣಕಾಲ ಮೇಲೆ ಊರಿಕೊಂಡು, ತುಟಿ ಮುಂದೆ ಮಾಡಿ ಉಸಿರು ಬಿಡುತ್ತಿದ್ದ.

"ದಣದಾನ, ಅಷ್ಟ," ಎಂದ ಸೈಫುದ್ದೀನ. "ಒಂದೀಟ ನೀರ ಕುಡದ್ರ ಸರಿ ಆಗತಾನ."

ಸಾಯಿರಾ ಶಂಕ್ರೆಪ್ಪನ ಕೈ ಹಿಡಿದು ನೋಡಿದಳು. ಉಗುರು ನೀಲಿಗಟ್ಟಿತ್ತು. ದ್ರಾಕ್ಷಿ ಬೇಗ ಒಣಗಲೆಂದು ಸವರಿದ್ದ ಎಣ್ಣೆ ಬೆರಳಿಗೆಲ್ಲ ಮೆತ್ತಿತ್ತು. ಅದನ್ನು ತೊಳೆಸಿ, ಒರೆಸಿ, ತಣ್ಣಗಿದ್ದ ಬೆರಳನ್ನು ತನ್ನ ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿದಳು. ಆಮೇಲೆ ಯಂತ್ರ ಹಾಕಿದಳು. ಸಂಖ್ಯೆ ಮೇಲೆ ಕೆಳಗೆ ಕುಣಿಯಿತು.

"ಮೊದಲ ಬಂದಿದ್ದ ನಂಬಬಾರದು," ಎಂದು ಅವಳು ಕಾದಳು. "ಕೈ ಅಲುಗಾಡಿಸಬ್ಯಾಡ್ರಿ ಕಾಕಾ, ಮಾತೂ ಬ್ಯಾಡ."

ಸಂಖ್ಯೆ ಎಂಬತ್ತಮೂರಕ್ಕೆ ಬಂದು ನಿಂತಿತು.

"ಬ್ಯಾಟ್ರಿ ಹೋಗಿರಬೇಕ ತಗೋ," ಎಂದ ಸೈಫುದ್ದೀನ.

ಸಾಯಿರಾ ಅದನ್ನು ಸೈಫುದ್ದೀನನ ಬೆರಳಿಗೆ ಹಾಕಿದಳು. ತೊಂಬತ್ತೆಂಟು.

ಸಾಯಿರಾ ಮೊದಲು ೧೦೮ಕ್ಕೆ ಫೋನ್ ಮಾಡಿ, ಶಂಕ್ರೆಪ್ಪನನ್ನು ಗಂಧಕದ ವಾಸನೆ ಬಾರದ ಕಡೆ ಸರಿಸಿ ಕೂರಿಸಿದಳು. ಅವನ ಜೇಬಿನಲ್ಲಿದ್ದ ಇನ್ಹೇಲರ್ ಪಂಪು ತೆಗೆದು, ವೈದ್ಯರು ಹೇಳಿಕೊಟ್ಟಂತೆ ಎಳೆಸಿದಳು. ಅಷ್ಟರಲ್ಲಿ ಸೈಫುದ್ದೀನನಿಗೆ ನೆನಪಾಯಿತು. ಕೊರೊನಾ ಕಾಲದಲ್ಲಿ ಕೊಂಡ ಆಕ್ಸಿಜನ್ ಯಂತ್ರ ಅವನ ಮನೆಯಲ್ಲಿತ್ತು. ಕಾರಿನಲ್ಲಿ ಹೋಗಿ ತಂದ, ಶೆಡ್ಡಿನ ಕರೆಂಟಿಗೆ ಜೋಡಿಸಿದ. ಸಾಯಿರಾ ಆಸ್ಪತ್ರೆಯ ವೈದ್ಯರನ್ನು ಫೋನಿನಲ್ಲಿ ಹಿಡಿದು, ಅವರು ಹೇಳಿದಂತೆ ಬಹಳ ಕಡಿಮೆ ಪ್ರಮಾಣದಲ್ಲಿ ಶುರು ಮಾಡಿದಳು. ಸಂಖ್ಯೆ ನಿಧಾನವಾಗಿ ಏರಿ ಎಂಬತ್ತೊಂಬತ್ತಕ್ಕೆ ಬಂತು.

ಸೈಫುದ್ದೀನ ಆಕ್ಸಿಜನ್ ಯಂತ್ರದ ಗುಂಡಿಗೆ ಕೈ ಹಾಕಿದ. "ಇನ್ನೂ ಹೆಚ್ಚ ಮಾಡೂಣು. ನೂರಕ್ಕರ ಮುಟ್ಟಲಿ."

ಸಾಯಿರಾ ಅವನ ಕೈ ಹಿಡಿದಳು. "ಬಿಡ್ರಿ. ಇವರಿಗೆ ಇಷ್ಟ ಸಾಕು."

"ಎಂಬತ್ತೊಂಬತ್ತು ಸಾಕಂದ್ರ ಹೆಂಗ ಬೇಟಿ? ಈಗ ನನ್ನ ಬೆರಳ ನೋಡಿದಿ ಇಲ್ಲೋ?"

"ನಿಮ್ಮ ಎದಿ ಬ್ಯಾರೆ, ಇವರ ಎದಿ ಬ್ಯಾರೆ. ಈ ಬ್ಯಾನಿ ಇದ್ದವರಿಗೆ ಒಳಗಿನ ಕೆಟ್ಟ ಗಾಳಿ ಪೂರಾ ಹೊರಗ ಬರೂದಿಲ್ಲ. ಆಕ್ಸಿಜನ್ ಅಗದೀ ಹೆಚ್ಚ ಕೊಟ್ರ ಆ ಕೆಟ್ಟ ಗಾಳಿ ರಕ್ತದಾಗ ಏರತೈತಿ. ತಲಿ ನೋಯ್ತೈತಿ, ನಿದ್ದಿ ಹತ್ತಿದಂಗ ಆಗತೈತಿ. ಮಷಿನಿನಾಗ ತೊಂಬತ್ತೊಂಬತ್ತು ಕಾಣ್ತಿರತೈತಿ, ಮನಷ್ಯಾ ಎಬ್ಬಿಸಿದ್ರ ಏಳೂದಿಲ್ಲ."

ಸೈಫುದ್ದೀನ ಕೈ ಹಿಂದೆ ತೆಗೆದುಕೊಂಡ. ಆಂಬುಲೆನ್ಸ್ ಬರುವವರೆಗೂ ಸಾಯಿರಾ ಸಂಖ್ಯೆಯ ಮೇಲೆ ಒಂದು ಕಣ್ಣು, ಶಂಕ್ರೆಪ್ಪನ ಮುಖದ ಮೇಲೆ ಒಂದು ಕಣ್ಣು ಇಟ್ಟುಕೊಂಡೇ ಕುಳಿತಳು.

ವಿಜಯಪುರದ ಆಸ್ಪತ್ರೆಯ ಬಾಗಿಲಲ್ಲಿ ಕಾವ್ಯಾ ಕಾಯುತ್ತಿದ್ದಳು. ಇನ್ನೂ ತಡವಾಗಿದ್ದರೆ ವೆಂಟಿಲೇಟರ್ ಹಾಕಬೇಕಾಗುತ್ತಿತ್ತು ಎಂದರು ವೈದ್ಯರು. ಅಕ್ಕನಾಗಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಮಗಳಿಗೆ ಎಲ್ಲವನ್ನೂ ಹೇಳಿದಳು. ಕಾವ್ಯಾ ಬೈಯಲಿಲ್ಲ.

"ಅವ್ವಾ, ನೀ ಅಪ್ಪನ ಬೆರಳ ನೋಡಿ ಕಡಿಮಿ ಐತಿ ಅಂತ ಹೇಳಿದ್ರ ನಾ ಹೆದರತಿದ್ದೆ, ಖರೆ. ಹೆದರಿ ಡಾಕ್ಟರಿಗೆ ಫೋನ್ ಮಾಡತಿದ್ದೆ. ತೊಂಬತ್ತೇಳು ಅಂದದ್ದಕ್ಕ ಆಫೀಸಿನ್ಯಾಗ ಕುಂತು ಊಟ ಮಾಡೀನಿ," ಎಂದಳು ಅಷ್ಟೇ.

ಶಂಕ್ರೆಪ್ಪ ಚೇತರಿಸಿಕೊಂಡು ಮನೆಗೆ ಬಂದ. ಮತ್ತೆ ಜನ ಬಂದರು. ಗುರುಸಿದ್ದವ್ವ ಬಂದವಳೇ ಯಂತ್ರಕ್ಕೆ ಕೈ ಚಾಚಿದಳು. ಈ ಸಲ ಅಕ್ಕನಾಗಮ್ಮ ಅದನ್ನು ಕೊಡಲಿಲ್ಲ.

"ಇದು ಇವರ ಚಸ್ಮಾ ಇದ್ದಂಗ ಗುರುಸಿದ್ದವ್ವಾ. ಎಲ್ಲಾರೂ ಹಾಕ್ಕೊಂಡು ನೋಡೂದಲ್ಲ."

"ಆತು ಬಿಡವಾ, ನನ್ನ ಬೆರಳೇನ ಸವದ ಹೋಗತಿರಲಿಲ್ಲ," ಎಂದು ಗುರುಸಿದ್ದವ್ವ ಮುಖ ಗಂಟಿಕ್ಕಿಕೊಂಡು ಚಹಾ ಕುಡಿದಳು. ಅಲ್ಲೇ ಇದ್ದ ಸಾಯಿರಾ ಅವಳಿಗೂ ಒಂದು ಮಾತು ಹೇಳಿದಳು. "ತೊಂಬತ್ತೆಂಟು ಬಂತಂತ ತಂಬಾಕ ಚಲೋ ಅಂತ ತಿಳೀಬ್ಯಾಡ್ರಿ. ಬಾಯಿ ಕ್ಯಾನ್ಸರ್ ಈ ಮಷಿನಿಗೆ ಕಾಣೂದಿಲ್ಲ."

ಜನ ಹೋಗಿ ಸಾಯಿರಾ, ಸೈಫುದ್ದೀನ ಮಾತ್ರ ಉಳಿದ ಮೇಲೆ ಶಂಕ್ರೆಪ್ಪ ಬಹಳ ದಿನದಿಂದ ಒಳಗಿಟ್ಟುಕೊಂಡಿದ್ದನ್ನು ಹೇಳಿದ.

"ಸಾಯಿರಾ, ಕಡಿಮಿ ಬಂತು ಅಂತ ಖರೆ ಹೇಳಿದ್ರ ನೀವು ಮತ್ತ ಒಯ್ದು ದವಾಖಾನಿಗೆ ಹಾಕ್ತೀರಿ. ಅದಕ್ಕ ಹೇಳಾಕ ಮನಸ ಆಗೂದಿಲ್ಲ."

"ಲಗೂ ಹೇಳಿದ್ರ ಗುಳಗಿಯೊಳಗ, ಪಂಪಿನೊಳಗ ಮುಗಿತೈತಿ ಕಾಕಾ. ತಡಾ ಮಾಡಿದ್ರ ಆಂಬುಲೆನ್ಸ್ ಬರತೈತಿ. ಹೋದ ಸಲ ನಿಮ್ಮನ್ನ ದವಾಖಾನಿಗೆ ಒಯ್ದದ್ದು ಎಂಬತ್ತಮೂರಲ್ಲ, ತೊಂಬತ್ತೇಳು."

ಶಂಕ್ರೆಪ್ಪ ಯಂತ್ರವನ್ನು ಕೈಗೆ ತೆಗೆದುಕೊಂಡ. "ಹೆಂಗ ನೋಡೂದು, ಇನ್ನೊಮ್ಮಿ ಹೇಳು," ಎಂದ.

"ನಡದ ಬಂದ ಕೂಡಲೇ ನೋಡಬ್ಯಾಡ್ರಿ. ಸ್ವಲ್ಪ ಹೊತ್ತು ಆರಾಮ ಕುಂದರ್ರಿ. ಕೈ ತೊಳದಿರಬೇಕು, ಬೆಚ್ಚಗಿರಬೇಕು. ಉಗುರಿಗೆ ಬಣ್ಣ, ಮದರಂಗಿ ಇದ್ದ ಬೆರಳು ಬ್ಯಾಡ. ಹಾಕಿ ಸುಮ್ಮನ ಕೂಡ್ರಿ, ನಂಬರ್ ನಿಂತ ಮ್ಯಾಗ ಓದ್ರಿ. ದಿನಾ ಒಂದ ಹೊತ್ತಿಗೆ ನೋಡಿ ಕ್ಯಾಲೆಂಡರಿನ ಮ್ಯಾಗ ಬರೀರಿ. ಕಡಿಮಿ ಬಂದ್ರ ಇನ್ನೊಂದ ಬೆರಳಿಗೆ ಹಾಕ್ರಿ. ಆಗೂ ಕಡಿಮಿ ಬಂದ್ರ ಫೋನ್ ಹಚ್ಚರಿ."

"ನಂಬರ್ ಚಲೋ ಇದ್ದು ದಮ್ಮು ಹತ್ತಿದ್ರ?" ಎಂದು ಅಕ್ಕನಾಗಮ್ಮ ಕೇಳಿದಳು.

"ಆಗ ನಂಬರ್ ಬಿಟ್ಟು ಮನಷ್ಯಾನ್ನ ನೋಡ್ರಿ ಕಾಕೂ. ಮಾತು ತುಂಡಾದ್ರ, ತುಟಿ ನೀಲಿ ಆದ್ರ, ಸುಮ್ಮಸುಮ್ಮನ ನಿದ್ದಿಗಣ್ಣು ಆಗಿ ಏನೇನೋ ಮಾತಾಡಿದ್ರ ಮಷಿನ್ ಹುಡುಕಬ್ಯಾಡ್ರಿ, ೧೦೮ಕ್ಕ ಫೋನ್ ಮಾಡ್ರಿ. ಕಫದ ಬಣ್ಣ ಬದಲಾದ್ರ, ಕಾಲು ಬಾತ್ರ ಡಾಕ್ಟರಿಗೆ ಹೇಳ್ರಿ."

ಸೈಫುದ್ದೀನ ಶಂಕ್ರೆಪ್ಪನ ಹತ್ತಿರ ಸರಿದ. "ತಾಡಪತ್ರಿ ನಾ ಎತ್ತತೀನಿ. ಒಂದ ಬೊಗಸಿ ಮಾಲ ನಿನ್ನ ಮನಿಗೆ ತಂದ ತೋರಸ್ತೀನಿ. ಬಣ್ಣ ನೋಡಿ ಇಲ್ಲಿಂದ ಬೈಯಪಾ, ಅದಕ್ಕೇನೂ ಉಸಿರು ಬೇಕಾಗೂದಿಲ್ಲ."

"ನಿನ್ನ ಬೈಯಾಕ ಭಾಳ ಉಸಿರು ಬೇಕ ಮಾರಾಯಾ," ಎಂದ ಶಂಕ್ರೆಪ್ಪ.

"ನೀವೂ ಮುಖಕ್ಕ ಬರೇ ಟಾವೆಲ್ ಸುತ್ತಿಕೊಂಡು ಹೋಗಬ್ಯಾಡ್ರಿ," ಎಂದಳು ಸಾಯಿರಾ ಸೈಫುದ್ದೀನನಿಗೆ. "ಬಟ್ಟಿಗೆ ಆ ಹೊಗಿ ನಿಲ್ಲೂದಿಲ್ಲ. ಅದಕ್ಕಂತನ ಬ್ಯಾರೆ ಮಾಸ್ಕ್ ಬರತಾವು. ತಾಡಪತ್ರಿ ಒಂದ ಕಡೆ ಎತ್ತಿ ದೂರ ಸರೀರಿ, ಹೊಗಿ ಪೂರಾ ಹೋದ ಮ್ಯಾಗ ಒಳಗ ಹೋಗ್ರಿ."

ಒಣಗಿದ ಮಾಲು ಶೆಡ್ಡಿನಿಂದ ಇಳಿಯಿತು. ಬಣ್ಣ ಚೆನ್ನಾಗಿಯೇ ಬಂದಿತ್ತು. ಶಂಕ್ರೆಪ್ಪ ಅದನ್ನು ಸೈಫುದ್ದೀನನ ಮುಂದೆ ಒಪ್ಪಲಿಲ್ಲ.

ಹವೆ ಬದಲಾದ ಒಂದು ದಿನ, ಹೊತ್ತಲ್ಲದ ಹೊತ್ತಿನಲ್ಲಿ ಕಾವ್ಯಾಳ ಫೋನ್ ಬಡಿಯಿತು. ಕಚೇರಿಯಲ್ಲಿ ಜನ ಇದ್ದರು. ಅಪ್ಪನ ಹೆಸರು ಕಂಡು ಅವಳು ಎದ್ದು ಹೊರಗೆ ಬಂದಳು.

"ಕಾವ್ಯಾ, ಎಂಬತ್ತೇಳು ಬಂದೈತಿ," ಎಂದ ಶಂಕ್ರೆಪ್ಪ. "ಕೈ ತೊಳಕೊಂಡು, ಕುಂತು ನೋಡೀನಿ. ಇನ್ನೊಂದ ಬೆರಳಿಗೂ ಅಷ್ಟ ಬಂತು. ನಿನ್ನಿಯಿಂದ ಕಫ ಹಳದಿ ಬರಾಕತ್ತೈತಿ. ಡಾಕ್ಟರಿಗೆ ಹೇಳು."

ಇಷ್ಟು ಕೆಟ್ಟ ಸುದ್ದಿಯನ್ನು ಅಪ್ಪ ಇಷ್ಟು ನೆಟ್ಟಗೆ ಹೇಳಿದ್ದು ಇದೇ ಮೊದಲು. ಕಾವ್ಯಾ ಆ ಕೂಡಲೇ ವೈದ್ಯರಿಗೆ ಫೋನ್ ಮಾಡಿದಳು. ಅವರು ಇಂದೇ ಕರೆತನ್ನಿ ಎಂದರು. ಸೈಫುದ್ದೀನ ಕಾರು ತೆಗೆದ. ಎದೆಗೆ ಸೋಂಕು ಶುರುವಾಗಿದೆ ಎಂದು ವೈದ್ಯರು ಔಷಧ ಬದಲಿಸಿದರು, ಮಲಗಿಸಿಕೊಳ್ಳುವ ಅಗತ್ಯವಿಲ್ಲ ಎಂದು ಹೇಳಿ ಕಳಿಸಿದರು. ಅಂದು ಸಂಜೆ ಶಂಕ್ರೆಪ್ಪ ತನ್ನ ಮನೆಯಲ್ಲೇ ಕುಳಿತು ರೊಟ್ಟಿ ಉಂಡ.

ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಮನೆಯಲ್ಲಿಯೂ ಬಹುಕಾಲದ ಶ್ವಾಸಕೋಶದ ಕಾಯಿಲೆಯವರು ಇರಬಹುದು. ಒಲೆಯ ಹೊಗೆಯಿಂದ ಬಂದಿರಬಹುದು, ಬೀಡಿಯಿಂದ ಬಂದಿರಬಹುದು, ದುಡಿದ ಜಾಗದಿಂದ ಬಂದಿರಬಹುದು. ಮುಂದಿನ ಸಲ ವೈದ್ಯರ ಬಳಿ ಹೋದಾಗ ಎರಡು ಮಾತು ಕೇಳಿ ಬನ್ನಿ. ಇವರಿಗೆ ಎಷ್ಟಿದ್ದರೆ ಸರಿ, ಎಷ್ಟಕ್ಕೆ ಇಳಿದರೆ ನಿಮಗೆ ಫೋನ್ ಮಾಡಬೇಕು? ಈ ಕಥೆಯ ಸಂಖ್ಯೆಗಳು ಶಂಕ್ರೆಪ್ಪನವು, ನಿಮ್ಮವರ ಸಂಖ್ಯೆ ಬೇರೆ ಇರಬಹುದು. ಮನೆಯಲ್ಲಿ ಆಕ್ಸಿಜನ್ ಇದ್ದರೆ ವೈದ್ಯರನ್ನು ಕೇಳದೆ ಹೆಚ್ಚು ಕಡಿಮೆ ಮಾಡಬೇಡಿ, ಅದರ ಹತ್ತಿರ ಬೆಂಕಿ ತರಬೇಡಿ. ಸಂಖ್ಯೆ ಚೆನ್ನಾಗಿದೆ ಎಂದು ಪಂಪು, ಗುಳಿಗೆ ನಿಲ್ಲಿಸಬೇಡಿ.

ಕಾಯಿಲೆಯವರು ಕಡಿಮೆ ಸಂಖ್ಯೆ ಹೇಳಿದಾಗ ನಗಬೇಡಿ, ಸಿಟ್ಟು ಮಾಡಬೇಡಿ. ಹೇಳಿದ್ದು ಒಳ್ಳೆಯದಾಯಿತು ಎನ್ನಿ. ನಾಳೆಯೂ ಅವರು ನಿಮಗೆ ನಿಜ ಹೇಳಬೇಕು.